ಹೊಕ್ಕೀವಿ, ಹೋಗಬೇಕಾತು

ಪಿಎಚ್.ಡಿ. ಮಾಡುತ್ತಿದ್ದೇನೆ ಎಂದರೆ ನಮ್ಮ ಕಡೆ ಮೊದಲು ಕೇಳುವುದು 'ಯಾವುದ್ರ ಮ್ಯಾಲೆ?' ಎಂದು. ಗುಳೆ ಹೋಗುವವರ ಮೇಲೆ ಎಂದರೆ ಎರಡನೆಯ ಪ್ರಶ್ನೆ ತಯಾರಾಗಿಯೇ ಇರುತ್ತದೆ: 'ಎಷ್ಟು ಮಂದಿ ಹೊಕ್ಕಾರ?' ಆ ಲೆಕ್ಕ ನನ್ನ ಹತ್ತಿರ ಇಲ್ಲ. ನನ್ನ ಹತ್ತಿರ ಇರುವುದು ಮಾತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮೂವತ್ತಾರು ಜನರ ಎದುರು ಕೂತು ಫೋನಿನಲ್ಲಿ ಮುದ್ರಿಸಿಕೊಂಡ ಮಾತು, ಅದನ್ನು ಕೇಳಿ ಕೇಳಿ ಬರೆದುಕೊಂಡ ಹಾಳೆಗಳು. 'ಬರೇ ಮಾತು ಬರಕಳ್ಳಾಕ ಇಷ್ಟು ವರ್ಷ ಬೇಕೇನವ್ವ?' ಎನ್ನುವುದು ಮೂರನೆಯ ಪ್ರಶ್ನೆ. ಕೇಳುವವರದು ಕುಹಕವಲ್ಲ, ನಿಜವಾದ ಕುತೂಹಲ. ಮಾತನ್ನು ಇಟ್ಟುಕೊಂಡು ಸಂಶೋಧಕರು ಆಮೇಲೆ ಮಾಡುವುದೇನು? ಅದರ ಅರ್ಥ ಇದೇ ಎಂದು ಹೇಳುವ ಧೈರ್ಯ ಅವರಿಗೆ ಎಲ್ಲಿಂದ ಬರುತ್ತದೆ?

ಮೊದಲು ನಾನು ಎಲ್ಲಿ ನಿಂತು ಈ ಮಾತು ಕೇಳಿಸಿಕೊಂಡೆ ಎಂಬುದನ್ನು ಹೇಳಬೇಕು. ನಾನು ಕೊಟ್ಟೂರಿನವಳು. ಅಪ್ಪನದು ಕಿರಾಣಿ ಅಂಗಡಿ. ನಮ್ಮ ಮನೆಯಿಂದ ಯಾರೂ ಕಬ್ಬು ಕಡಿಯಲು ಹೋದವರಲ್ಲ, ಆದರೆ ಹೋಗುವವರ ಲೆಕ್ಕವೆಲ್ಲ ಅಪ್ಪನ ಉದ್ರಿ ಪುಸ್ತಕದಲ್ಲಿತ್ತು. ದೀಪಾವಳಿ ಆದಮೇಲೆ ಕೆಲವು ಹೆಸರುಗಳ ಮುಂದೆ ಬರೆಯುವುದು ನಿಲ್ಲುತ್ತಿತ್ತು. ಯುಗಾದಿಯ ಹೊತ್ತಿಗೆ ಅದೇ ಹೆಸರುಗಳ ಮೇಲೆ ಒಂದು ಅಡ್ಡಗೆರೆ ಬೀಳುತ್ತಿತ್ತು, ಬಾಕಿ ಚುಕ್ತಾ. ಗುಳೆ ಎಂದರೆ ಚಿಕ್ಕಂದಿನಲ್ಲಿ ನನಗೆ ಆ ಖಾಲಿ ಸಾಲುಗಳು. ನಾನು ಸಂದರ್ಶನಕ್ಕೆ ಹೋದಾಗ ಕೆಲವರು 'ನೀನು ಅಂಗಡಿಯವರ ಮಗಳಲ್ಲೇನು?' ಎಂದು ಗುರುತು ಹಿಡಿದರು. ಅಂಥವರು ದುಡ್ಡಿನ ವಿಷಯ ಬಂದಾಗ ಸ್ವಲ್ಪ ಎಚ್ಚರದಿಂದ ಮಾತಾಡಿದರು, ಸಾಲದ ಮಾತು ಬಂದಾಗ ಇನ್ನೂ ಎಚ್ಚರದಿಂದ. ಅವರ ಹಾಳೆಗಳ ಅಂಚಿನಲ್ಲಿ ಅದನ್ನೂ ಬರೆದಿಟ್ಟಿದ್ದೇನೆ. ಯಾರು ಕೇಳುತ್ತಿದ್ದಾರೆ ಎಂಬುದು ಹೇಳುವ ಮಾತಿನ ಒಂದು ಭಾಗ.

ಈ ಐದು ತಾಲ್ಲೂಕುಗಳ ಬಹುಪಾಲು ಹೊಲ ಮಳೆ ನೋಡಿಕೊಂಡು ಇರುವಂಥದು. ತುಂಗಭದ್ರಾ ಕಾಲುವೆಯ ನೀರು ಹೊಸಪೇಟೆ, ಕಂಪ್ಲಿ ಕಡೆ ಗದ್ದೆ ಮಾಡಿತು. ನಮ್ಮ ಕಡೆ ಜೋಳ, ಮೆಕ್ಕೆಜೋಳ, ಶೇಂಗಾ. ಒಕ್ಕಲು ಮುಗಿದ ಮೇಲೆ ಕೈಗೆ ಕೆಲಸವಿಲ್ಲ. ಆಗ ಹರಪನಹಳ್ಳಿ, ಹಡಗಲಿಯ ತಾಂಡಾಗಳಿಂದ ಮಂಡ್ಯದ ಕಬ್ಬಿಗೆ, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹೊರಡುತ್ತಾರೆ. ಕೂಡ್ಲಿಗಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಕೆಲವರು ಒಬ್ಬರೇ, ಕೆಲವರು ಇಡೀ ಮನೆಯೇ.

ಈಗ ಕೆಲಸದ ವಿಷಯ. ಒಂದು ಗಂಟೆಯ ಮಾತನ್ನು ಅಕ್ಷರಕ್ಕೆ ಇಳಿಸಲು ನನಗೆ ಒಂದು ಇಡೀ ದಿನ ಬೇಕು. ಬರೆದ ಮೇಲೆ ಸಾಲು ಸಾಲಾಗಿ ಓದುತ್ತಾ ಪ್ರತಿ ತುಣುಕಿಗೂ ಒಂದು ಪುಟ್ಟ ಹೆಸರು ಕೊಡುತ್ತಾ ಹೋಗುತ್ತೇವೆ. ಇದಕ್ಕೆ ಕೋಡ್ ಮಾಡುವುದು ಎನ್ನುತ್ತಾರೆ. 'ಮೇಸ್ತ್ರಿ ದಸರಾಕ್ಕೇ ಬಂದು ಅಡ್ವಾನ್ಸು ಕೊಟ್ಟು ಹೋದ' ಎಂಬ ಮಾತಿಗೆ 'ಮುಂಗಡ' ಎಂಬ ಹೆಸರು. 'ಅಲ್ಲಿ ಅಂಗಡಿಯಾಗ ನಮ್ಗ ಉದ್ರಿ ಕೊಡಂಗಿಲ್ಲ' ಎಂಬುದಕ್ಕೆ 'ಪರಸ್ಥಳ' ಎಂದೋ 'ನಂಬಿಕೆ' ಎಂದೋ. ಇಂಥ ನೂರಾರು ಹೆಸರುಗಳಾದ ಮೇಲೆ ಯಾವುದು ಯಾವುದರ ಜೊತೆ ಕೂರುತ್ತದೆ ಎಂದು ನೋಡಿ ಗುಂಪು ಮಾಡುತ್ತೇವೆ. ಗುಂಪುಗಳನ್ನು ಹಿಡಿದಿಡುವ ಒಂದು ಎಳೆ ಸಿಕ್ಕರೆ ಅದು ಆಶಯ, ಪ್ರಬಂಧದ ಒಂದು ಅಧ್ಯಾಯ. 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು, ಸಿದ್ಧಾಂತವನ್ನು ಮೊದಲೇ ಹಿಡಿದುಕೊಂಡು ಹೋಗಬೇಡಿ, ಕೇಳಿಸಿಕೊಂಡ ಮಾತಿನಿಂದಲೇ ಕಟ್ಟಿರಿ ಎಂದರು. 2006ರಲ್ಲಿ ಬ್ರೌನ್ ಮತ್ತು ಕ್ಲಾರ್ಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇನ್ನೊಂದು ಮಾತು ನೆನಪಿಸಿದರು. 'ದತ್ತಾಂಶದಿಂದ ಆಶಯಗಳು ಹೊರಹೊಮ್ಮಿದವು' ಎಂದು ನಾವು ಬರೆಯುತ್ತೇವಲ್ಲ, ಹಾಗೆ ತಾವೇ ಎದ್ದು ಬರುವಂಥದು ಏನೂ ಇಲ್ಲ, ಆರಿಸುವವರು ಸಂಶೋಧಕರೇ ಎಂದು. ಶೇಂಗಾದ ಹೊಲಕ್ಕೆ ಹೋದವರಿಗೆ ಇದು ಗೊತ್ತಿರುತ್ತದೆ. ಕಾಯಿ ತಾನಾಗಿ ನೆಲದಿಂದ ಎದ್ದು ಬರುವುದಿಲ್ಲ, ಕಿತ್ತು, ಕೊಡವಿ, ಬಿಡಿಸಬೇಕು.

ಆರಿಸುವವರು ನಾವೇ ಎಂದಾದರೆ ಹೊಣೆಯೂ ನಮ್ಮದೇ. ಹೆಸರು ಕೊಡುವುದು, ಗುಂಪಿಗೆ ಹಾಕುವುದು ಕಾಗದದ ಮೇಲಿನ ಕೆಲಸ ಎಂದು ಹರಪನಹಳ್ಳಿಯವರು ಯಾರೂ ಒಪ್ಪಲಾರರು. 1997ರಲ್ಲಿ ಆ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಆಮೇಲೆ ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ಬಳ್ಳಾರಿ ಜಿಲ್ಲೆಗೆ ಸಿಕ್ಕಿತು, ಹರಪನಹಳ್ಳಿಗೆ ಸಿಗಲಿಲ್ಲ. ಅದೇ ಮಣ್ಣು, ಅದೇ ಬರ. ಹೋರಾಟ ಮಾಡಿ ಮತ್ತೆ ಬಳ್ಳಾರಿಗೆ ಸೇರಿದರು, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಮನೆ ಬದಲಿಸದೆ ಮೂರು ಜಿಲ್ಲೆ ಕಂಡವರು ಅಲ್ಲಿದ್ದಾರೆ. ಯಾವ ಪಟ್ಟಿಯಲ್ಲಿ ಹೆಸರಿದೆ ಎಂಬುದರ ಮೇಲೆ ಮಗನ ಸೀಟು, ಮಗಳ ನೌಕರಿ ನಿಂತಿದ್ದನ್ನು ಕಂಡವರಿಗೆ ವರ್ಗೀಕರಣದ ಬಗ್ಗೆ ನಾನು ಪಾಠ ಹೇಳಬೇಕಿಲ್ಲ.

ನನ್ನ ಹಾಳೆಗಳಲ್ಲಿ ಮೊದಲು ಎದುರಾದದ್ದು ನನ್ನ ಶೀರ್ಷಿಕೆಯಲ್ಲೇ ಇದ್ದ ಪದ. ಗುಳೆ. ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ವಿಶ್ವವಿದ್ಯಾಲಯದ ಪ್ರಸ್ತಾವಗಳಲ್ಲಿ ಎಲ್ಲೆಡೆ ಇರುವ ಪದ. ಆದರೆ ಮೂವತ್ತಾರು ಜನರಲ್ಲಿ ತಮ್ಮ ಬಗ್ಗೆ ಅದನ್ನು ಬಳಸಿದವರು ತೀರ ಕಡಿಮೆ. 'ಕಬ್ಬಿಗೆ ಹೊಕ್ಕೀವಿ', 'ಕಾಫಿ ತ್ವಾಟಕ್ಕ ಹೊಕ್ಕೀವಿ', 'ಬೆಂಗ್ಳೂರಿಗೆ ದುಡ್ಯಾಕ ಹೊಕ್ಕೀವಿ'. ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪನವರನ್ನು ಓದಿದವರಿಗೆ ಈ ಸೀಮೆಯ ಮಾತಿನ ಧಾಟಿ ಹೊಸದಲ್ಲ. ಉಳಿದವರಿಗೆ ಹೇಳುವುದಾದರೆ, 'ಹೊಕ್ಕೀವಿ' ಎಂದರೆ ಇಲ್ಲಿ 'ಹೋಗುತ್ತೇವೆ'. ಗುಳೆ ಎಂಬುದನ್ನು ಬೇರೆಯವರ ಬಗ್ಗೆ ಹೇಳುತ್ತಿದ್ದರು, ಇಲ್ಲವೇ ಹಿಂದಿನ ಕಾಲದ ಬಗ್ಗೆ. ಕೂಡ್ಲಿಗಿ ತಾಲ್ಲೂಕಿನ ಒಬ್ಬ ಅಜ್ಜ ನನಗೆ ಬಿಡಿಸಿ ಹೇಳಿದರು: 'ಗುಳೇ ಅಂದ್ರ ಬಾಗ್ಲಿಗೆ ಮುಳ್ಳು ಬಡ್ದು, ದನ ಹೊಡ್ಕಂಡು, ಮತ್ತ ಬರ್ತೀವೋ ಇಲ್ಲೋ ಅಂತ ಹೋಗಾದು. ಇವ್ರು ಹೋಗಾದು ಗುಳೇ ಅಲ್ಲ ಬಿಡವ್ವ, ಇವ್ರು ಬಾಗ್ಲಿಗೆ ಕೀಲಿ ಹಾಕ್ಯಾರ.' ಮುಳ್ಳಿಗೂ ಕೀಲಿಗೂ ಇರುವ ವ್ಯತ್ಯಾಸ ಅಜ್ಜನಿಗೆ ಸಣ್ಣದಲ್ಲ. ಕೀಲಿ ಹಾಕಿದವರು ಮರಳಿ ಬರುವವರು.

ಇದು ಪದದ ಜಗಳವಾಗಿಯೇ ಉಳಿದಿದ್ದರೆ ಕಷ್ಟವಿರಲಿಲ್ಲ. ಒಂದು ವಿಚಾರ ಸಂಕಿರಣದಲ್ಲಿ ನನ್ನ ಕೆಲಸದ ಬಗ್ಗೆ ಮಾತಾಡಿದಾಗ ಹಿರಿಯ ಅಧ್ಯಾಪಕರೊಬ್ಬರು, ಇದು ಹಸಿವಿನಿಂದಾದ ವಲಸೆ, ಬಲವಂತದ್ದು, ಹಾಗೆಂದು ಸ್ಪಷ್ಟವಾಗಿ ಬರೆಯಿರಿ ಎಂದರು. ಇನ್ನೊಬ್ಬರು, ಇಲ್ಲ, ಅವರು ಲೆಕ್ಕ ಹಾಕಿಯೇ ಹೋಗುತ್ತಾರೆ, ಅವರನ್ನು ಬರೀ ಬಲಿಪಶು ಮಾಡಬೇಡಿ, ಆಯ್ಕೆ ಎಂದು ಬರೆಯಿರಿ ಎಂದರು. ಇಬ್ಬರೂ ಆ ಜನರ ಪರವಾಗಿಯೇ ಮಾತಾಡುತ್ತಿದ್ದರು. ನನಗೆ ಭಯವಾದದ್ದು ಆಮೇಲೆ ಏನಾಗುತ್ತದೆ ಎಂದು. 2005ರ ಉದ್ಯೋಗ ಖಾತರಿ ಕಾಯ್ದೆ ವರ್ಷಕ್ಕೆ 100 ದಿನ ಕೆಲಸ ಕೊಡುತ್ತೇನೆ ಎಂದದ್ದು ಜನ ಊರಲ್ಲೇ ಉಳಿಯಲಿ ಎಂದೂ ಹೌದು. 'ಆಯ್ಕೆ' ಎಂದು ನಾನು ಬರೆದರೆ, ಇಷ್ಟಪಟ್ಟು ಹೋಗುವವರಿಗೆ ಊರಲ್ಲಿ ಕೆಲಸವೇಕೆ ಎಂದು ಯಾರಾದರೂ ಕೇಳಬಹುದು. 'ಬಲವಂತ' ಎಂದು ಬರೆದರೆ, 'ದಿನಕ್ಕ ಎಷ್ಟು ಕಬ್ಬು ಕಡಿತಿದ್ವಿ ಗೊತ್ತೈತೇನು? ಗಂಡಸ್ರು ನಮ್ಮ ಹಿಂದ ಬೀಳ್ತಿದ್ರು' ಎಂದು ಎದೆ ತಟ್ಟಿ ಹೇಳಿದ ಹೆಂಗಸಿನ ಮಾತನ್ನು ಎಲ್ಲಿಡಲಿ?

ನನ್ನ ಪ್ರಬಂಧ ಇಂಗ್ಲಿಷಿನಲ್ಲಿದೆ. ಮಾತನ್ನೆಲ್ಲ ಮೊದಲು ಇಂಗ್ಲಿಷಿಗೆ ತಿರುಗಿಸಿ, ಆ ಅನುವಾದವನ್ನು ಸಾಫ್ಟ್‌ವೇರಿಗೆ ಹಾಕಿ, ಬಣ್ಣ ಬಣ್ಣದ ಪಟ್ಟಿ ಎಳೆದು ಕೋಡ್ ಮಾಡುವುದು ಅನೇಕರ ರೂಢಿ. ನಾನು ಕೋಡ್ ಮಾಡಿದ್ದು ಕನ್ನಡದ ಹಾಳೆಗಳ ಮೇಲೆಯೇ, ಧ್ವನಿಯನ್ನು ಜೊತೆಗೆ ಹಾಕಿಕೊಂಡು. ಆಗ ಒಂದು ಕಡೆ ಕಿವಿ ನಿಂತಿತು. ಒಂದೇ ಬಾಯಿ, ಅರ್ಧ ಗಂಟೆಯೊಳಗೆ, ಹೋಗುವ ಕ್ರಿಯೆಯನ್ನು ಮೂರು ಥರ ಹೇಳುತ್ತಿತ್ತು. ಕೂಲಿ, ಕೆಲಸದ ಚುರುಕು, ಮರಳಿ ಬಂದು ಹಾಕಿಸಿದ ಮನೆಯ ತಗಡು, ಇವುಗಳ ಮಾತು ಬಂದಾಗ 'ಹೊಕ್ಕೀವಿ', 'ಹೋಗಿದ್ವಿ'. ಮೇಸ್ತ್ರಿ, ಮುಂಗಡ, ಲಾರಿಯ ಮಾತು ಬಂದಾಗ 'ಕರ್ಕಂಡು ಹೋದ್ರು', 'ಹಾಕ್ಕಂಡು ಹೋದ'. ಇನ್ನು ಕೆಲವು ಕಡೆ, ದನಿ ತಗ್ಗಿಸಿ, 'ಹೋಗಬೇಕಾತು'.

ಮೊದಲನೆಯದರಲ್ಲಿ ಹೋಗುವವರು ತಾವು. ಎರಡನೆಯದರಲ್ಲಿ ಒಯ್ಯುವವನು ಇನ್ನೊಬ್ಬ. ಮೂರನೆಯದರಲ್ಲಿ ಯಾರೂ ಇಲ್ಲ. 'ಹೋಗಬೇಕಾತು' ಎಂಬ ಒಂದೇ ಪದ ಪೂರ್ತಿ ವಾಕ್ಯವಾಗಿ ನಿಲ್ಲುತ್ತದೆ, ಮಾಡಿದವರು ಯಾರು, ಮಾಡಿಸಿದವರು ಯಾರು ಎಂದು ಅದು ಹೇಳುವುದಿಲ್ಲ. ಇಂಗ್ಲಿಷಿಗೆ ತಿರುಗಿಸಿದರೆ ವಾಕ್ಯದ ಮುಂದೆ 'ನಾವು' ಬಂದು ಕೂರಲೇಬೇಕು. ಅನುವಾದ ಎಂದು ನಾವು ಕರೆಯುವ ಹಂತದಲ್ಲೇ ವಿಶ್ಲೇಷಣೆಯ ಅರ್ಧ ಮುಗಿದುಹೋಗಿರುತ್ತದೆ, ಯಾರ ಗಮನಕ್ಕೂ ಬಾರದೆ.

ಹಾಗಾಗಿ ಎಲ್ಲ ಹಾಳೆಗಳಲ್ಲಿ 'ಹೋಗಬೇಕಾತು' ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕಿ, ಅದರ ಹಿಂದಿನ ನಾಲ್ಕು ಸಾಲು ಮುಂದಿನ ನಾಲ್ಕು ಸಾಲು ಕತ್ತರಿಸಿ, ಮಹಡಿಯ ನೆಲದ ಮೇಲೆ ಹರಡಿಕೊಂಡೆ. ಹೆಚ್ಚಿನವು ಮಕ್ಕಳ ಶಾಲೆಯ ಹತ್ತಿರ ಇದ್ದವು. 'ಮಗಳ್ನ ಅವರಜ್ಜಿ ಹತ್ರ ಬಿಟ್ಟು ಹೋಗಬೇಕಾತು.' ದುಡಿಮೆಗೆ 'ಹೊಕ್ಕೀವಿ', ಶಾಲೆಗೆ 'ಹೋಗಬೇಕಾತು' ಎಂಬ ಒಂದು ಸೂತ್ರ ಅಲ್ಲಿ ಕಾಣುತ್ತಿತ್ತು.

ನಮ್ಮ ಕೆಲಸದಲ್ಲಿ ಇಂಥ ಸೂತ್ರ ಕಂಡ ಕೂಡಲೇ ಮಾಡಬೇಕಾದ ಒಂದು ಕೆಲಸವಿದೆ. ಅದಕ್ಕೆ ಹೊಂದದವರನ್ನು ಹುಡುಕುವುದು. ಹೊಂದುವ ಇಪ್ಪತ್ತು ಜನ ಹೇಳದ್ದನ್ನು ಹೊಂದದ ಒಬ್ಬರು ಹೇಳುತ್ತಾರೆ. ಹಡಗಲಿ ತಾಲ್ಲೂಕಿನ ಒಬ್ಬ ವಿಧವೆಯ ಮಾತಿನಲ್ಲಿ 'ಹೋಗಬೇಕಾತು' ಒಂದು ಸಲವೂ ಇಲ್ಲ. ಮಗನ ಶಾಲೆ ತಪ್ಪಿದ್ದನ್ನು ಹೇಳುವಾಗಲೂ ಆಕೆ 'ಕರ್ಕಂಡು ಹೋದೆ' ಎಂದೇ ಹೇಳುತ್ತಾಳೆ. ಊರಲ್ಲಿ ಮಗುವನ್ನು ಬಿಡಲು ಆಕೆಗೆ ಯಾರೂ ಇರಲಿಲ್ಲ, ಜೊತೆಗೇ ಒಯ್ದಳು. ಇನ್ನೊಬ್ಬ ಯುವಕ, ಮಕ್ಕಳಿಲ್ಲ, ಶಾಲೆಯ ಮಾತೇ ಇಲ್ಲ, ಆದರೆ 'ಹೋಗಬೇಕಾತು' ಎನ್ನುತ್ತಾನೆ, ಲಕ್ವ ಹೊಡೆದು ಮಲಗಿದ್ದ ತಂದೆಯ ಮಾತು ಬಂದಾಗ. ಈ ಎರಡು ಚೂರುಗಳನ್ನು ಪಕ್ಕ ಪಕ್ಕ ಇಟ್ಟ ಮೇಲೆ ಉಳಿದವೂ ಬೇರೆ ಥರ ಕಂಡವು. ಶಾಲೆ ಅಲ್ಲಿ ಮುಖ್ಯವಲ್ಲ. ಮನೆಯಲ್ಲಿ ಒಬ್ಬರು ಹಿಂದೆ ಉಳಿದ ಕಡೆಯಲ್ಲೆಲ್ಲ ಆ ಪದ ಬರುತ್ತದೆ. ಕಬ್ಬಿನ ಗದ್ದೆಯಾಗಲಿ, ತೋಟದ ಲೈನ್ ಮನೆಯಾಗಲಿ ಅವರನ್ನು 'ಹೋಗಬೇಕಾತು' ಎನ್ನಿಸುವುದಿಲ್ಲ. ಬಿಟ್ಟು ಹೊರಡುವುದು ಅನ್ನಿಸುತ್ತದೆ.

ಹಾಗಾದರೆ 'ಬಲವಂತವೋ ಆಯ್ಕೆಯೋ' ಎಂದು ಮನುಷ್ಯರನ್ನು ಎರಡು ಗುಂಪು ಮಾಡಬೇಕಿಲ್ಲ. ಒಂದೇ ಹೆಂಗಸು ಕೂಲಿಯ ಲೆಕ್ಕದಲ್ಲಿ ಹೊರಟವಳು, ಮೇಸ್ತ್ರಿಯ ಲೆಕ್ಕದಲ್ಲಿ ಒಯ್ಯಲ್ಪಟ್ಟವಳು, ಅತ್ತೆಯನ್ನೋ ಮಗಳನ್ನೋ ನೆನೆದಾಗ ಹೋಗಬೇಕಾದವಳು. ಸರ್ಕಾರಕ್ಕೆ ಇದರಿಂದ ಏನು ಎಂದರೆ ಅದಕ್ಕೂ ಉತ್ತರವಿದೆ. ಊರಲ್ಲಿ ಕೂಲಿ ಕೊಡುವುದು ಒಂದು ಕೆಲಸ. ಮುಂಗಡದ ಸಾಲವನ್ನು ಸಡಿಲಿಸುವುದು ಇನ್ನೊಂದು. ಹಿಂದೆ ಉಳಿದ ಮಗುವಿಗೆ, ಮುದುಕರಿಗೆ ಆ ಐದು ತಿಂಗಳು ಊಟ, ಔಷಧಿ, ಜೊತೆ ಒದಗಿಸುವುದು ಮೂರನೆಯದು, ಮತ್ತು ಅದು ಬೇರೆಯೇ ಕೆಲಸ. ಮೂರನ್ನೂ 'ಗುಳೆ ತಡೆ' ಎಂಬ ಒಂದೇ ಚೀಲಕ್ಕೆ ತುಂಬಿದರೆ ಮೂರನೆಯದು ತಳಕ್ಕೆ ಹೋಗಿ ಕೂರುತ್ತದೆ.

ಇಷ್ಟು ಹೇಳುವ ಮುನ್ನ ಒಂದು ಅಡ್ಡಿ ದಾಟಬೇಕಿತ್ತು. ತಾಂಡಾದವರ ಮನೆಮಾತು ಲಂಬಾಣಿ. ನನ್ನೊಡನೆ ಅವರು ಆಡಿದ್ದು ಕನ್ನಡ. ಕನ್ನಡದ ಕ್ರಿಯಾಪದದ ಮೇಲೆ ನಾನು ಕಟ್ಟುವ ಅರ್ಥ ಅವರಿಗೆ ಹೊಂದುತ್ತದೆಯೇ? ಅದೇ ತಾಂಡಾದ, ಪದವಿ ಓದುತ್ತಿರುವ ಹುಡುಗಿಯೊಬ್ಬಳ ಜೊತೆ ಕೂತು, ಅವರು ನಡುವೆ ತಮ್ಮತಮ್ಮಲ್ಲಿ ಲಂಬಾಣಿಯಲ್ಲಿ ಆಡಿಕೊಂಡ ಮಾತನ್ನೆಲ್ಲ ಕೇಳಿಸಿದೆ. ಅಲ್ಲಿ ಪದಗಳು ಬೇರೆ, ಆದರೆ ಅದೇ ಜಾಗದಲ್ಲಿ ಅವರ ಮಾತೂ ತಿರುಗುತ್ತದೆ ಎಂದು ಆಕೆ ಹೇಳಿದಳು. ಎರಡು ಸಂದರ್ಶನಗಳಲ್ಲಿ ಹಾಗಿಲ್ಲ ಎಂದೂ ಹೇಳಿದಳು. ಆ ಎರಡನ್ನು ಈ ವಾದದಿಂದ ಹೊರಗಿಟ್ಟಿದ್ದೇನೆ, ಹೊರಗಿಟ್ಟಿದ್ದೇನೆ ಎಂದು ಪ್ರಬಂಧದಲ್ಲಿ ಬರೆದೂ ಇದ್ದೇನೆ.

ಅರ್ಥ ಹೇಳುವವರ ಜೊತೆಗೆ ಸಾಕ್ಷಿಯೂ ಉಳಿಯಬೇಕು ಎಂಬುದಕ್ಕೆ ನಮ್ಮಲ್ಲಿ ಒಂದು ದೊಡ್ಡ ಕತೆಯೇ ಇದೆ. ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದರು. ವರ್ಷಗಳ ಕಾಲ ಆ ಟಿಪ್ಪಣಿಗಳನ್ನು ವಿಂಗಡಿಸಿ, ಸಂಸ್ಕರಿಸಿ ಇಟ್ಟುಕೊಂಡಿದ್ದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ಅವರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಇಟ್ಟರು. ಆ ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟವು. ನೆನಪನ್ನು ನೆಚ್ಚಿಕೊಂಡು ಅವರು ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಇದನ್ನು ಗುರುಗಳು ಹೇಳಿದಾಗಲೆಲ್ಲ ನೆನಪಿನ ಶಕ್ತಿಯ ಕತೆಯಾಗಿ ಹೇಳುತ್ತಿದ್ದರು. ನನಗೆ ಅದು ಇನ್ನೊಂದನ್ನೂ ಹೇಳುತ್ತದೆ. ಇಪ್ಪತ್ತು ವರ್ಷ ಮನಸ್ಸಿನಲ್ಲಿ ಉಳಿದದ್ದು ಮನುಷ್ಯರು, ಅವರ ಜಗಳ, ಅವರ ನಡೆ. ನಾನು ನೆನಪಿನಿಂದ ಬರೆದರೂ ಎದೆ ತಟ್ಟಿದ ಆ ಹೆಂಗಸು ಬರುತ್ತಾಳೆ. ಆಕೆ ದನಿ ತಗ್ಗಿಸಿ ಹೇಳಿದ ಕ್ರಿಯಾಪದ ಬರುವುದಿಲ್ಲ. ಅದಕ್ಕೆ ಧ್ವನಿಯೇ ಬೇಕು.

ಹಾಗೆ ನೋಡಿದರೆ ಅರ್ಥ ಹಚ್ಚುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ನಂತರ ಕಾರಣಿಕ ನಡೆಯುತ್ತದೆ. ಡೆಂಕನ ಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ವಾಕ್ಯ. ಮರುಕ್ಷಣ ಆತ ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಅಲ್ಲಿಂದ ವ್ಯಾಖ್ಯಾನ ಶುರು. ರೈತ ಅದರಲ್ಲಿ ಮಳೆ ಕೇಳಿಸಿಕೊಳ್ಳುತ್ತಾನೆ, ವ್ಯಾಪಾರಿ ದರ ಕೇಳಿಸಿಕೊಳ್ಳುತ್ತಾನೆ, ರಾಜಕಾರಣಿ ಕುರ್ಚಿ. ಹಡಗಲಿಯ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಒಂದು ವಾಕ್ಯಕ್ಕೆ ಹತ್ತು ಅರ್ಥ. ನಗಬೇಕಾದ್ದೇನಿಲ್ಲ, ನಮ್ಮ ವಿಭಾಗಗಳಲ್ಲಿ ನಡೆಯುವುದೂ ಇದೇ. ಆದರೆ ಮೈಲಾರದಲ್ಲಿ ಎರಡು ಅನುಕೂಲಗಳಿವೆ. ಮೂಲ ವಾಕ್ಯ ಎಲ್ಲರಿಗೂ ಕೇಳಿಸಿದೆ, ಹಾಗಾಗಿ ಯಾರ ಅರ್ಥವನ್ನಾದರೂ ಯಾರಾದರೂ ಪ್ರಶ್ನಿಸಬಹುದು. ಮುಂದಿನ ಮುಂಗಾರಿನ ಹೊತ್ತಿಗೆ ಅರ್ಥ ಹೇಳಿದವನನ್ನು ಕಟ್ಟೆಯ ಮೇಲೆ ಹಿಡಿದು ಕೇಳುತ್ತಾರೆ. ಪ್ರಬಂಧ ಬರೆಯುವವರಿಗೆ ಈ ಕಾಟವಿಲ್ಲ. ಮೂಲ ವಾಕ್ಯ ನಮ್ಮ ಪೆಟ್ಟಿಗೆಯಲ್ಲಿ, ಅರ್ಥ ಇನ್ನೊಂದು ಭಾಷೆಯಲ್ಲಿ, ಓದುವವರು ಇನ್ನೊಂದು ಊರಲ್ಲಿ.

ಆ ಕಾಟವನ್ನು ನಾನೇ ತಂದುಕೊಳ್ಳಬೇಕು ಎನ್ನಿಸಿತು. ಯುಗಾದಿ ಕಳೆದು ಜನ ಮರಳಿದ್ದರು. ಕೂಡ್ಲಿಗಿ ತಾಲ್ಲೂಕಿನ ಒಂದು ಊರಿನಲ್ಲಿ, ಮಾತು ಕೊಟ್ಟಿದ್ದ ಐದಾರು ಹೆಂಗಸರನ್ನು ಒಂದು ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ಯಾರ ಮಾತು ಎಂದು ಹೇಳದೆ, ನಾನು ಬರೆದದ್ದನ್ನು ಅವರ ಭಾಷೆಯಲ್ಲೇ ಓದಿ ಹೇಳಿದೆ. 'ಹೊಕ್ಕೀವಿ' ಎಲ್ಲಿ, 'ಹೋಗಬೇಕಾತು' ಎಲ್ಲಿ ಎಂದು. ಒಬ್ಬಾಕೆ ನಕ್ಕು, 'ನಾವು ಮಾತಾಡಾದ್ರಾಗ ಇಷ್ಟೈತೇನು!' ಎಂದಳು. ಇನ್ನೊಬ್ಬಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೌದವ್ವ, ಬಿಟ್ಟು ಹೋಗಾದೇ ದೊಡ್ದು' ಎಂದಳು. ಮೂರನೆಯಾಕೆ ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. 'ಅದಿರ್ಲಿ ತಂಗಿ, ಉಳ್ದೋರು ಏನಂದ್ರು? ನಮ್ಮತ್ತೀನ ಕೇಳೇನು?' ಎಂದು ಒಳಗೆ ಕೈ ತೋರಿಸಿದಳು.

ಅತ್ತೆ ಬಾಗಿಲ ಒಳಗೆ ಗೋಡೆಗೊರಗಿ ಕೂತಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಹತ್ತಿರ ಹೋಗಿ ಕೂತು, 'ಅಜ್ಜಿ, ನಿಮ್ಮನ್ನ ಬಿಟ್ಟು ಹೋದಾಗ ಹೆಂಗನ್ನಿಸ್ತದ?' ಎಂದು ಕೇಳಿದೆ. ಅವರು ಸೊಸೆಯ ಕಡೆ ನೋಡಿ, ನನ್ನ ಕಡೆ ತಿರುಗಿ ಹೇಳಿದರು: 'ನನ್ನ ಯಾರೂ ಬಿಟ್ಟು ಹೋಗಿಲ್ಲವ್ವ. ಮನಿ ನೋಡ್ಕಳ್ಳಾಕ ಇಟ್ಟು ಹೊಕ್ಕಾರ.'

ಬಿಟ್ಟು, ಇಟ್ಟು. ನಡುವೆ ಒಂದೇ ಅಕ್ಷರ. ಹೋಗುವವರು ಹೇಳಿದ್ದರಲ್ಲಿ ಅಜ್ಜಿ ತಪ್ಪಿದ ಕರ್ತವ್ಯ. ಅಜ್ಜಿ ಹೇಳಿದ್ದರಲ್ಲಿ ಅವರಿಗೊಂದು ಕೆಲಸವಿದೆ, ಜಾಗವಿದೆ. ಇಬ್ಬರಲ್ಲಿ ಯಾರದು ನಿಜ ಎಂದು ಕೇಳಿದರೆ ಎರಡೂ ನಿಜ. ಸೊಸೆಯ ನೋವು ಇಳಿಯಲಿ ಎಂದೂ ಅಜ್ಜಿ ಹಾಗೆ ಹೇಳಿರಬಹುದು. ಸೊಸೆ ಎದುರಿಗಿಲ್ಲದಾಗ, ಮನೆಮಂದಿ ಊರಲ್ಲಿಲ್ಲದ ತಿಂಗಳುಗಳಲ್ಲಿ ಅವರ ಬಾಯಲ್ಲಿ ಯಾವ ಪದ ಬರುತ್ತದೆ ಎಂಬುದು ಕೇಳಿಸಿಕೊಂಡ ಮೇಲೆಯೇ ತಿಳಿಯುವುದು. ಉಳಿದವರ ಮಾತಿಗೆ ಹೊಸದೊಂದು ನೋಟ್‌ಬುಕ್ ತೆಗೆದಿಟ್ಟಿದ್ದೇನೆ. ದೀಪಾವಳಿ ಮುಗಿಯಲಿ, ಲಾರಿಗಳು ಹೊರಡಲಿ, ಆಮೇಲೆ ಆ ಊರಿಗೆ ಹೋಗಿ ಅಜ್ಜಿಯ ಜೊತೆ ಕೂರುವುದಿದೆ.